ನಿಲ್ಲದ ಪೆಡಲಿನ ಸೈಕಲ್ಲು: ಚೌಕಟ್ಟು, ಬಿಡಿಭಾಗ ಮತ್ತು ಒಂದು ಬ್ರೇಕಿನ ಚರಿತ್ರೆ

ಬ್ರಿಟನ್ನಿನ ನಗರಗಳಲ್ಲಿ ನೆಲೆಸಿರುವ ನಮಗೆ ಒಂದು ಬಗೆಯ ಸೈಕಲ್ಲು ಕಣ್ಣಿಗೆ ಪರಿಚಿತ. ಅದಕ್ಕೆ ಮಡ್‌ಗಾರ್ಡಿಲ್ಲ, ಕ್ಯಾರಿಯರಿಲ್ಲ, ಗೇರಿನ ತಂತಿಗಳಿಲ್ಲ. ತೆಳುವಾದ ಚೌಕಟ್ಟು, ಎರಡು ಚಕ್ರ, ಒಂದು ಚೈನು. ಅಷ್ಟರಲ್ಲೇ ಅದು ಮುಗಿದುಹೋಗುತ್ತದೆ. ಆದರೆ ಅದರ ನಿಜವಾದ ವೈಶಿಷ್ಟ್ಯ ನೋಟದಲ್ಲಿಲ್ಲ. ಊರಿನಲ್ಲಿ ನಾವು ತುಳಿದ ಸೈಕಲ್ಲುಗಳಲ್ಲಿ ಇಳಿಜಾರು ಬಂದೊಡನೆ ಕಾಲಿಗೆ ವಿಶ್ರಾಂತಿ ಕೊಡಬಹುದಾಗಿತ್ತು. ಹಿಂದಿನ ಚಕ್ರದ ಫ್ರೀವೀಲು ಟಿಕಿಟಿಕಿ ಸದ್ದು ಮಾಡುತ್ತ ಚಕ್ರವನ್ನು ತನ್ನ ಪಾಡಿಗೆ ಉರುಳಲು ಬಿಡುತ್ತಿತ್ತು. ‘ಫಿಕ್ಸೆಡ್ ಗೇರ್’ ಅಥವಾ ಇಲ್ಲಿನ ಹಳಬರ ಮಾತಿನಲ್ಲಿ ‘ಫಿಕ್ಸೆಡ್ ವೀಲ್’ ಎನಿಸಿಕೊಂಡ ಈ ಸೈಕಲ್ಲಿಗೆ ಫ್ರೀವೀಲಿಲ್ಲ. ಚಕ್ರ ಉರುಳುವವರೆಗೂ ಪೆಡಲು ತಿರುಗಲೇಬೇಕು. ಕಾಲಿನಿಂದ ಪೆಡಲನ್ನು ತಡೆದರೆ ಚಕ್ರದ ವೇಗವೂ ತಗ್ಗುತ್ತದೆ.

ನಮ್ಮ ಬಳಗದ ಮನೆಗಳಲ್ಲಿ ಬೆಳೆದ ಮಕ್ಕಳಲ್ಲಿ ಕೆಲವರಿಗೆ ಈಗ ಇಂಥ ಸೈಕಲ್ಲಿನ ಮೇಲೆ ಮನಸ್ಸು. ಹಳೆಯ ಚೌಕಟ್ಟೊಂದನ್ನು ಕೊಂಡು, ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ, ತಾವೇ ಜೋಡಿಸುವುದು ಅವರ ಹವ್ಯಾಸ. ಯಾವ ಚೌಕಟ್ಟು, ಎಷ್ಟು ಹಲ್ಲಿನ ಚಕ್ರ, ಬ್ರೇಕು ಬೇಕೇ ಬೇಡವೇ ಎಂಬ ಪ್ರಶ್ನೆಗಳು ಅಂಗಡಿಯ ಪ್ರಶ್ನೆಗಳಂತೆ ತೋರಿದರೂ ಅವುಗಳ ಉತ್ತರವಿರುವುದು ಇತಿಹಾಸದಲ್ಲಿ. ಈ ಸೈಕಲ್ಲಿನ ಒಂದೊಂದು ಭಾಗವೂ ಒಂದು ನಿರ್ದಿಷ್ಟ ನೆಲಕ್ಕಾಗಿ, ನಿರ್ದಿಷ್ಟ ಉದ್ದೇಶಕ್ಕಾಗಿ ರೂಪುಗೊಂಡಿತು. ಅದನ್ನು ತಿಳಿಯದೆ ಭಾಗಗಳನ್ನು ಕಲೆಹಾಕಿದರೆ ಹಣ ಮಾತ್ರವಲ್ಲ, ಜೀವವೂ ಅಪಾಯಕ್ಕೆ ಸಿಲುಕಬಹುದು.

ಎತ್ತರದ ಚಕ್ರದ ನೆನಪು

ಮೊದಮೊದಲ ಪೆಡಲಿನ ಸೈಕಲ್ಲುಗಳೆಲ್ಲವೂ ಫಿಕ್ಸೆಡ್ ಆಗಿಯೇ ಇದ್ದವು. 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಪ್ರಚಾರಕ್ಕೆ ಬಂದ ವಾಹನದಲ್ಲಿ ಪೆಡಲುಗಳನ್ನು ನೇರವಾಗಿ ಮುಂದಿನ ಚಕ್ರದ ಅಚ್ಚಿಗೇ ಕೂಡಿಸಲಾಗಿತ್ತು. ಪೆಡಲಿನ ಒಂದು ಸುತ್ತಿಗೆ ಚಕ್ರದ ಒಂದೇ ಸುತ್ತು. ಹೆಚ್ಚು ವೇಗ ಬೇಕೆಂದರೆ ಚಕ್ರವನ್ನೇ ದೊಡ್ಡದು ಮಾಡಬೇಕು. 1870ರ ದಶಕದಲ್ಲಿ ಕೊವೆಂಟ್ರಿಯ ಜೇಮ್ಸ್ ಸ್ಟಾರ್ಲಿ ಮುಂತಾದವರು ಮಾಡಿದ್ದು ಅದನ್ನೇ. ದೊಡ್ಡ ಪೆನ್ನಿ ನಾಣ್ಯದ ಪಕ್ಕದಲ್ಲಿ ಸಣ್ಣ ಫಾರ್ದಿಂಗ್ ನಾಣ್ಯವನ್ನಿಟ್ಟಂತೆ ಕಾಣುವ ‘ಪೆನ್ನಿ ಫಾರ್ದಿಂಗ್’ ಸೈಕಲ್ಲು ಹೀಗೆ ಬೆಳೆಯಿತು. ಆದರೆ ಆ ಬೆಳವಣಿಗೆಗೆ ಸವಾರನ ಕಾಲಿನ ಉದ್ದವೇ ಮಿತಿಯಾಗಿತ್ತು. ಐದಡಿಯ ಚಕ್ರವನ್ನು ತುಳಿಯಲು ಬಹಳ ಎತ್ತರದ ಆಳೇ ಬೇಕಾಗುತ್ತಿತ್ತು.

ಈ ಮಿತಿಯನ್ನು ಮುರಿದದ್ದು ಚೈನು. 1880ರಲ್ಲಿ ಮ್ಯಾಂಚೆಸ್ಟರಿನ ಹ್ಯಾನ್ಸ್ ರೆನಾಲ್ಡ್ ರೋಲರುಗಳುಳ್ಳ ಚೈನಿಗೆ ಪೇಟೆಂಟು ಪಡೆದರು. 1885ರಲ್ಲಿ ಜೇಮ್ಸ್ ಸ್ಟಾರ್ಲಿಯವರ ಸೋದರನ ಮಗನಾದ ಜಾನ್ ಕೆಂಪ್ ಸ್ಟಾರ್ಲಿ ಅದೇ ಕೊವೆಂಟ್ರಿಯಲ್ಲಿ ‘ರೋವರ್’ ಸೈಕಲ್ಲನ್ನು ಹೊರತಂದರು. ಅದರಲ್ಲಿ ಚಕ್ರಗಳೆರಡೂ ಸುಮಾರಾಗಿ ಒಂದೇ ಎತ್ತರ. ತುಳಿತದ ಬಲ ಚೈನಿನ ಮೂಲಕ ಹಿಂದಿನ ಚಕ್ರಕ್ಕೆ. ಮುಂದಿನ ಹಲ್ಲುಚಕ್ರ ದೊಡ್ಡದಾಗಿ ಹಿಂದಿನದು ಚಿಕ್ಕದಾದರೆ ಪೆಡಲಿನ ಒಂದು ಸುತ್ತಿಗೆ ಚಕ್ರ ಎರಡು ಮೂರು ಸುತ್ತು ತಿರುಗುತ್ತದೆ. 1888ರಲ್ಲಿ ಬೆಲ್‌ಫಾಸ್ಟಿನ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದ ಮೇಲೆ ಸಣ್ಣ ಚಕ್ರದ ಕುಲುಕಾಟವೂ ಕಡಿಮೆಯಾಯಿತು.

ಪೆನ್ನಿ ಫಾರ್ದಿಂಗ್ ಮರೆಯಾದರೂ ಅದರ ಅಳತೆ ಉಳಿದುಕೊಂಡಿತು. ಬ್ರಿಟಿಷ್ ಸೈಕಲ್ ಸವಾರರು ಗೇರನ್ನು ಇಂದಿಗೂ ‘ಇಂಚು’ಗಳಲ್ಲಿ ಹೇಳುತ್ತಾರೆ. ಮುಂದಿನ ಹಲ್ಲುಗಳ ಸಂಖ್ಯೆಯನ್ನು ಹಿಂದಿನ ಹಲ್ಲುಗಳ ಸಂಖ್ಯೆಯಿಂದ ಭಾಗಿಸಿ, ಚಕ್ರದ ವ್ಯಾಸದಿಂದ ಗುಣಿಸಿದರೆ ಈ ಸಂಖ್ಯೆ ದೊರೆಯುತ್ತದೆ. ಮುಂದೆ 48, ಹಿಂದೆ 18, ಚಕ್ರ 27 ಇಂಚು ಎಂದಾದರೆ 72 ಇಂಚು. ಎಂದರೆ ಆರಡಿ ವ್ಯಾಸದ ಚಕ್ರವನ್ನು ನೇರವಾಗಿ ತುಳಿದಾಗ ಒಂದು ಸುತ್ತಿಗೆ ಎಷ್ಟು ದೂರ ಹೋಗುತ್ತಿದ್ದೆವೋ ಅಷ್ಟೇ ದೂರ. ಇಲ್ಲಿನ ಕ್ಲಬ್ಬುಗಳು ವರ್ಷಾರಂಭದಲ್ಲಿ ನಡೆಸುತ್ತ ಬಂದ ‘ಮೀಡಿಯಂ ಗೇರ್’ ಪಂದ್ಯಗಳಲ್ಲಿ ಈ 72 ಇಂಚೇ ಗರಿಷ್ಠ ಮಿತಿ. ಚಳಿಗಾಲದ ಸವಾರಿಗೆ ಅವರು 63ರಿಂದ 65 ಇಂಚುಗಳ ಹಗುರವಾದ ಗೇರನ್ನು ಆರಿಸಿಕೊಳ್ಳುತ್ತಿದ್ದರು. ನಗರದಲ್ಲಿ ಅಡಿಗಡಿಗೆ ನಿಂತು ಹೊರಡಬೇಕಾದ ಇಂದಿನ ಸವಾರನಿಗೂ ಈ ಎರಡು ಅಳತೆಗಳ ನಡುವಿನ ಆಯ್ಕೆಯೇ ವಿವೇಕದ್ದು.

ಹಾದಿಗೂ ಅಂಗಣಕ್ಕೂ ಒಂದೇ ಸೈಕಲ್ಲು

ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಫ್ರೀವೀಲು ಸಾಮಾನ್ಯ ಬಳಕೆಗೆ ಬಂದಿತು. ಅದುವರೆಗೆ ಇಳಿಜಾರಿನಲ್ಲಿ ಸವಾರರು ಕಾಲುಗಳನ್ನು ಪೆಡಲಿನಿಂದ ತೆಗೆದು ಮುಂದಿನ ಫೋರ್ಕಿನ ಮೇಲಿದ್ದ ಪುಟ್ಟ ಆಸರೆಗಳ ಮೇಲೆ ಇರಿಸಿಕೊಳ್ಳುತ್ತಿದ್ದರು. ಹೊಸ ಶತಮಾನದ ಆರಂಭದಲ್ಲಿ ನಾಟಿಂಗ್‌ಹ್ಯಾಮಿನ ಸ್ಟರ್ಮಿ ಆರ್ಚರ್ ಮೂರು ವೇಗಗಳ ಹಬ್ಬನ್ನು ಮಾರುಕಟ್ಟೆಗೆ ತಂದಿತು. ಇಷ್ಟೆಲ್ಲ ಅನುಕೂಲ ಬಂದ ಮೇಲೂ ಫಿಕ್ಸೆಡ್ ಚಕ್ರ ಈ ದೇಶದಲ್ಲಿ ಉಳಿದುಕೊಂಡಿತೇಕೆ?

ಅದಕ್ಕೆ ಕಾರಣ ಕ್ಲಬ್ಬುಗಳ ಜೀವನ. ರಸ್ತೆಯ ಮೇಲೆ ಗುಂಪಾಗಿ ಓಟದ ಪಂದ್ಯ ನಡೆಸುವುದಕ್ಕೆ ಇಲ್ಲಿನ ಸೈಕಲ್ ಸಂಘಟನೆಯೇ 1890ರ ದಶಕದಲ್ಲಿ ನಿಷೇಧ ಹೇರಿತ್ತು. ಆಗ ಫ್ರೆಡರಿಕ್ ಬಿಡ್ಲೇಕ್ ಮುಂತಾದವರು ಬೆಳೆಸಿದ ಪರಿಪಾಠವೇ ಗಡಿಯಾರದ ವಿರುದ್ಧದ ಸ್ಪರ್ಧೆ. ನಸುಕಿನಲ್ಲಿ, ಕಪ್ಪು ಬಟ್ಟೆ ತೊಟ್ಟು, ಒಬ್ಬರ ಹಿಂದೊಬ್ಬರು ನಿಮಿಷದ ಅಂತರದಲ್ಲಿ ಹೊರಡುತ್ತಿದ್ದರು. ಓಟದ ಹಾದಿಯನ್ನು ಸಂಕೇತಾಕ್ಷರಗಳಿಂದಷ್ಟೇ ಸೂಚಿಸಲಾಗುತ್ತಿತ್ತು. ಸವಾರರಲ್ಲಿ ಬಹುಮಂದಿ ದುಡಿಯುವ ವರ್ಗದವರು. ಕೆಲಸಕ್ಕೆ, ಪ್ರವಾಸಕ್ಕೆ, ಪಂದ್ಯಕ್ಕೆ ಬೇರೆ ಬೇರೆ ಸೈಕಲ್ಲು ಇಟ್ಟುಕೊಳ್ಳುವ ಅನುಕೂಲ ಅವರಿಗಿರಲಿಲ್ಲ. ಅವರಿಗಾಗಿ ರೂಪುಗೊಂಡದ್ದು ರಸ್ತೆಗೂ ಅಂಗಣಕ್ಕೂ ಒದಗುವ ಚೌಕಟ್ಟು. ಅದರಲ್ಲಿ ಫಿಕ್ಸೆಡ್ ಚಕ್ರ ಕೂರುವಂತೆ ಹಿಂದಕ್ಕೆ ತೆರೆದ ಸೀಳುಗಳಿರುತ್ತಿದ್ದವು. ಜೊತೆಗೆ ಬ್ರೇಕಿಗೆಂದು ಫೋರ್ಕಿನಲ್ಲಿ ರಂಧ್ರ, ಮಡ್‌ಗಾರ್ಡಿಗೆಂದು ಪುಟ್ಟ ಕಿವಿಗಳು. ಪಂದ್ಯದ ಹಗುರವಾದ ಚಕ್ರಗಳನ್ನು ಮುಂದಿನ ಅಚ್ಚಿನ ಇಕ್ಕೆಲಗಳಲ್ಲಿ ಕಟ್ಟಿಕೊಂಡು ಅಂಗಣಕ್ಕೆ ತುಳಿದು ಹೋಗುವುದು, ಅಲ್ಲಿ ಚಕ್ರ ಬದಲಿಸಿ ಬ್ರೇಕು ಕಳಚಿ ಓಡುವುದು, ಸಂಜೆ ಮತ್ತೆ ಎಲ್ಲವನ್ನೂ ಜೋಡಿಸಿ ಮನೆಗೆ ಮರಳುವುದು ಅವರ ರೂಢಿ. ಲಂಡನ್ನಿನ ಹರ್ನ್ ಹಿಲ್ ಅಂಗಣ 1891ರಲ್ಲಿ ಆರಂಭವಾದದ್ದು. 1948ರ ಒಲಿಂಪಿಕ್ಸಿನ ಅಂಗಣದ ಸೈಕಲ್ ಓಟಗಳು ನಡೆದದ್ದೂ ಅಲ್ಲಿಯೇ.

ಆ ಚೌಕಟ್ಟುಗಳ ಕೊಳವೆಗಳ ಬಗ್ಗೆಯೂ ಒಂದು ಮಾತು. ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಸಂಸ್ಥೆ 1897ರಲ್ಲಿಯೇ ತುದಿಗಳಲ್ಲಿ ದಪ್ಪವಾಗಿ ನಡುವೆ ತೆಳುವಾಗಿರುವ ಉಕ್ಕಿನ ಕೊಳವೆಗೆ ಪೇಟೆಂಟು ಪಡೆದಿತ್ತು. ಬೆಸುಗೆಯ ಬಿಸಿ ತಾಗುವಲ್ಲಿ ಬಲ, ಉಳಿದೆಡೆ ಹಗುರ. 1935ರಲ್ಲಿ ಬಂದ ಅದರ ‘531’ ಕೊಳವೆ ದಶಕಗಳ ಕಾಲ ಉತ್ತಮ ಚೌಕಟ್ಟಿನ ಗುರುತಾಯಿತು. ಕನ್ನಡಿಗರಾದ ನಮಗೆ ಇಲ್ಲೊಂದು ದೂರದ ನಂಟಿದೆ. ರೆನಾಲ್ಡ್ಸ್ ಸೇರಿದ್ದ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಸಮೂಹಕ್ಕೇ ಬರ್ಮಿಂಗ್‌ಹ್ಯಾಮಿನ ಹರ್ಕ್ಯುಲಿಸ್ ಕೂಡ ಸೇರಿತ್ತು. ಆ ಸಮೂಹದ ಸಹಯೋಗದಲ್ಲಿ 1949ರಲ್ಲಿ ಮದರಾಸಿನಲ್ಲಿ ಟಿ.ಐ. ಸೈಕಲ್ಸ್ ಸ್ಥಾಪನೆಯಾಯಿತು. ನಮ್ಮ ತಂದೆಯರು, ಚಿಕ್ಕಪ್ಪಂದಿರು ಊರಿಂದೂರಿಗೆ ತುಳಿದ ಹರ್ಕ್ಯುಲಿಸ್ ಸೈಕಲ್ಲುಗಳ ಹೆಸರು ಬಂದದ್ದು ಬರ್ಮಿಂಗ್‌ಹ್ಯಾಮಿನಿಂದ.

ಇಂದು ಚೌಕಟ್ಟನ್ನು ಹುಡುಕುವವರಿಗೆ ಈ ಅಧ್ಯಾಯ ಉಪಯುಕ್ತ. ಫಿಕ್ಸೆಡ್ ಸೈಕಲ್ಲಿನಲ್ಲಿ ಚೈನನ್ನು ಬಿಗಿಗೊಳಿಸುವ ಸ್ಪ್ರಿಂಗಿನ ತೋಳು ಇರುವುದಿಲ್ಲ. ಚಕ್ರವನ್ನೇ ಹಿಂದಕ್ಕೆ ಸರಿಸಿ ಬಿಗಿ ಮಾಡಬೇಕು. ಆದ್ದರಿಂದ ಹಿಂದಿನ ಅಚ್ಚು ಕೂರುವ ಸೀಳು ಅಡ್ಡವಾಗಿರಬೇಕು ಅಥವಾ ಓರೆಯಾಗಿರಬೇಕು. ಹಳೆಯ ರಸ್ತೆ ಸೈಕಲ್ಲುಗಳ ಸೀಳುಗಳು ಬಹುಮಟ್ಟಿಗೆ ಹೀಗಿರುವುದರಿಂದ ಅವು ಈ ಕೆಲಸಕ್ಕೆ ಒಗ್ಗುತ್ತವೆ. ಈಚಿನವುಗಳಲ್ಲಿ ಸೀಳು ನೆಟ್ಟಗೆ ಕೆಳಮುಖವಾಗಿರುವುದರಿಂದ ವಿಶೇಷ ಹಬ್ಬಿಲ್ಲದೆ ಒಗ್ಗುವುದಿಲ್ಲ.

ಅಂಗಣದ ಚೌಕಟ್ಟು

ಶುದ್ಧ ಅಂಗಣದ ಚೌಕಟ್ಟಿನ ಕಥೆ ಬೇರೆ. ಇಳಿಜಾರು ಬದಿಗಳುಳ್ಳ ಅಂಗಣದಲ್ಲಿ ತಿರುವಿನಲ್ಲಿಯೂ ಪೆಡಲು ನಿಲ್ಲುವುದಿಲ್ಲವಾದ್ದರಿಂದ ಪೆಡಲು ನೆಲಕ್ಕೆ ತಾಗದಂತೆ ಕ್ರ್ಯಾಂಕಿನ ಅಚ್ಚನ್ನು ಎತ್ತರದಲ್ಲಿಡುತ್ತಾರೆ. ಕ್ರ್ಯಾಂಕಿನ ಉದ್ದವೂ ಸಾಮಾನ್ಯವಾಗಿ 165 ಮಿಲಿಮೀಟರು. ರಸ್ತೆ ಸೈಕಲ್ಲಿನದು 170ರ ಆಸುಪಾಸು. ಕೊಳವೆಗಳ ಕೋನ ಕಡಿದಾಗಿರುವುದರಿಂದ ಚಕ್ರಗಳು ಒಂದಕ್ಕೊಂದು ಹತ್ತಿರ. ನಿಧಾನವಾಗಿ ತಿರುಗಿಸುವಾಗ ಮುಂದಿನ ಚಕ್ರ ಕಾಲ್ಬೆರಳಿಗೆ ತಾಗುವುದೂ ಉಂಟು. ಫೋರ್ಕಿನಲ್ಲಿ ಬ್ರೇಕಿನ ರಂಧ್ರವೇ ಇರುವುದಿಲ್ಲ. ಅದಕ್ಕೆ ಸಕಾರಣವಿದೆ. ಅಂಗಣದಲ್ಲಿ ಒಬ್ಬರ ಚಕ್ರಕ್ಕೆ ಅಂಟಿದಂತೆ ಇನ್ನೊಬ್ಬರು ಓಡುವಾಗ ಯಾರೊಬ್ಬರು ಥಟ್ಟನೆ ಬ್ರೇಕು ಹಿಡಿದರೂ ಹಿಂದಿನವರೆಲ್ಲರೂ ಉರುಳುತ್ತಾರೆ. ಯಾರಿಗೂ ಬ್ರೇಕಿಲ್ಲದಿರುವುದೇ ಅಲ್ಲಿ ಎಲ್ಲರ ಸುರಕ್ಷತೆ.

ಈ ಕಟ್ಟುನಿಟ್ಟು ಪರಾಕಾಷ್ಠೆ ಮುಟ್ಟಿದ್ದು ಜಪಾನಿನಲ್ಲಿ. 1948ರಲ್ಲಿ ಕೊಕುರಾ ನಗರದಲ್ಲಿ ಆರಂಭವಾದ ಕೇರಿನ್ ಓಟ ಜೂಜಿನ ಪಂದ್ಯ. ಯಂತ್ರದ ಹೆಚ್ಚುಕಡಿಮೆಯಿಂದ ಫಲಿತಾಂಶ ಬದಲಾಗಬಾರದೆಂದು ಚೌಕಟ್ಟಿನಿಂದ ಹಿಡಿದು ಹಲ್ಲುಚಕ್ರದವರೆಗೆ ಒಪ್ಪಿಗೆ ಪಡೆದ ಭಾಗಗಳನ್ನಷ್ಟೇ ಬಳಸಬೇಕು. ಅವುಗಳ ಮೇಲೆ ‘ಎನ್.ಜೆ.ಎಸ್.’ ಎಂಬ ಮುದ್ರೆ. ಈ ಪದ್ಧತಿಯಲ್ಲಿ ಬೆಳೆದ ಕೊಯಿಚಿ ನಕಾನೊ 1977ರಿಂದ 1986ರವರೆಗೆ ಸತತವಾಗಿ ಹತ್ತು ವರ್ಷ ವಿಶ್ವ ಸ್ಪ್ರಿಂಟ್ ಚಾಂಪಿಯನ್ ಆದರು. ಕೇರಿನ್ ಓಟಗಾರರು ಬಳಸಿ ಬಿಟ್ಟ ಚೌಕಟ್ಟುಗಳು ಮುಂದೆ ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೊ, ಲಂಡನ್ನುಗಳ ಬೀದಿಗಿಳಿದವು. ಪತ್ರ, ಕಡತಗಳನ್ನು ಕಚೇರಿಯಿಂದ ಕಚೇರಿಗೆ ಮುಟ್ಟಿಸುವ ಸೈಕಲ್ ಹರಿಕಾರರ ಸರಳ ಸೈಕಲ್ಲನ್ನು ಕಂಡು ಮರುಳಾದ ಯುವಜನರಿಗೆ ಎನ್.ಜೆ.ಎಸ್. ಮುದ್ರೆ ಅಂತಸ್ತಿನ ಲಾಂಛನವಾಯಿತು. ಅಂಗಣದ ಸಮಾನತೆಗಾಗಿ ಹುಟ್ಟಿದ ಮುದ್ರೆಯದು. ರಸ್ತೆಯ ಯೋಗ್ಯತೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಉದ್ದೇಶಕ್ಕೆ ತಕ್ಕ ಭಾಗವನ್ನು ಆರಿಸುವುದೆಂದರೇನು ಎಂಬುದಕ್ಕೆ ‘ಒಂದು ಗಂಟೆಯ ದಾಖಲೆ’ಯ ಇತಿಹಾಸ ನೋಡಬೇಕು. ಈ ಓಟವೂ ಫಿಕ್ಸೆಡ್ ಚಕ್ರದ ಮೇಲೆಯೇ. 1972ರಲ್ಲಿ ಮೆಕ್ಸಿಕೊ ನಗರದಲ್ಲಿ ಎಡ್ಡಿ ಮರ್ಕ್ಸ್ 49.431 ಕಿಲೋಮೀಟರು ಓಡಿದಾಗ ಅವರ ಸೈಕಲ್ಲಿನ ಗೇರು ಮುಂದೆ 52, ಹಿಂದೆ 14. ಇಟಲಿಯ ಅರ್ನೆಸ್ಟೊ ಕೊಲ್ನಾಗೊ ಭಾರ ತಗ್ಗಿಸಲೆಂದು ಚೈನಿಗೂ ರಂಧ್ರಗಳನ್ನು ಕೊರೆದಿದ್ದರು. 1993ರ ಜುಲೈ 17ರಂದು ಸ್ಕಾಟ್ಲೆಂಡಿನ ಗ್ರೇಮ್ ಓಬ್ರಿ 51.596 ಕಿಲೋಮೀಟರು ಓಡಿದ್ದು ತಾವೇ ಕಟ್ಟಿದ ಸೈಕಲ್ಲಿನ ಮೇಲೆ. ಕಾಲುಗಳು ಒಂದಕ್ಕೊಂದು ಹತ್ತಿರವಿರಬೇಕೆಂದು ಕ್ರ್ಯಾಂಕಿನ ಅಚ್ಚಿಗೆ ಅವರು ಬಟ್ಟೆ ಒಗೆಯುವ ಯಂತ್ರದ ಬೇರಿಂಗನ್ನು ಹೊಂದಿಸಿದ್ದರು. ಆರು ದಿನಗಳ ತರುವಾಯ ಕ್ರಿಸ್ ಬೋರ್ಡ್‌ಮನ್ 52.270 ಕಿಲೋಮೀಟರು ಓಡಿ ಅದನ್ನು ಮೀರಿದರು. ಅದೇ ಬೋರ್ಡ್‌ಮನ್ 2000ದಲ್ಲಿ ಮ್ಯಾಂಚೆಸ್ಟರಿನಲ್ಲಿ ಮರ್ಕ್ಸ್ ಕಾಲದ ಮಾದರಿಯ ಸೈಕಲ್ಲಿನ ಮೇಲೆ ಓಡಿದಾಗ ಸಾಧಿಸಿದ್ದು 49.441 ಕಿಲೋಮೀಟರು. ಇಪ್ಪತ್ತೆಂಟು ವರ್ಷಗಳ ಅಂತರದಲ್ಲಿ ಮರ್ಕ್ಸ್‌ಗಿಂತ ಬರಿಯ ಹತ್ತು ಮೀಟರು ಹೆಚ್ಚು. ಸವಾರ ಒಬ್ಬನೇ ಆದರೂ ಸೈಕಲ್ಲು ಬದಲಾದಾಗ ಏನಾಗುತ್ತದೆಂಬುದು ಈ ಅಂಕಿಗಳಿಂದ ಸ್ಪಷ್ಟ.

ಬ್ರೇಕಿನ ಪ್ರಶ್ನೆ

ಈಗ ಸಣ್ಣ ಭಾಗಗಳಿಗೆ ಬರೋಣ. ಹಿಂದಿನ ಹಲ್ಲುಚಕ್ರ ಹಬ್ಬಿನ ಮೇಲೆ ಮರೆಯಂತೆ ತಿರುಗಿ ಕೂರುತ್ತದೆ. ಮುಂದಕ್ಕೆ ತುಳಿದರೆ ಅದು ಬಿಗಿಯಾಗುತ್ತದೆ. ಪೆಡಲನ್ನು ಹಿಂದಕ್ಕೆ ತಡೆದರೆ ಸಡಿಲಗೊಳ್ಳಲು ಹವಣಿಸುತ್ತದೆ. ಆದ್ದರಿಂದಲೇ ಅಂಗಣದ ಹಬ್ಬಿನಲ್ಲಿ ಅದರ ಹೊರಗೆ ಎದುರು ದಿಕ್ಕಿನ ಮರೆಯುಳ್ಳ ಇನ್ನೊಂದು ಬಳೆಯಿರುತ್ತದೆ. ಆ ಬಳೆಗೆ ಸ್ಥಳವಿಲ್ಲದ ಸಾಧಾರಣ ಹಬ್ಬಿಗೆ ಫಿಕ್ಸೆಡ್ ಹಲ್ಲುಚಕ್ರ ಹಾಕುವುದು ಅಪಾಯಕರ. ಚೈನು ಮುಂದಿನಿಂದ ಹಿಂದಿನವರೆಗೆ ನೇರವಾದ ಗೆರೆಯಲ್ಲಿರಬೇಕು. ಅದು ಕಳಚಿ ಸಿಕ್ಕಿಕೊಂಡರೆ ಹಿಂದಿನ ಚಕ್ರ ಓಡುತ್ತಿರುವಾಗಲೇ ಬಂಧಿಯಾಗುತ್ತದೆ.

ಕಾಲಿನ ಬಲದಿಂದ ಹಿಂದಿನ ಚಕ್ರವನ್ನು ತಡೆದು ಜಾರಿಸಿ ನಿಲ್ಲಿಸುವ ಚಮತ್ಕಾರವನ್ನು ಕೆಲವರು ಬ್ರೇಕಿಗೆ ಬದಲಾಗಿ ನಂಬುತ್ತಾರೆ. ಮುಂದೆ 48, ಹಿಂದೆ 16 ಹಲ್ಲುಗಳಿದ್ದರೆ ಪೆಡಲಿನ ಒಂದು ಸುತ್ತಿಗೆ ಚಕ್ರ ಸರಿಯಾಗಿ ಮೂರು ಸುತ್ತು ತಿರುಗುವುದರಿಂದ, ಪೆಡಲನ್ನು ಪ್ರತಿ ಸಲವೂ ಅದೇ ಸ್ಥಾನದಲ್ಲಿ ತಡೆದರೆ ಟೈರಿನ ಒಂದೇ ಜಾಗ ಸವೆಯುತ್ತದೆ. ಹಿಂದೆ 17 ಹಲ್ಲುಗಳಾದರೆ ಸವೆತ 17 ಜಾಗಗಳಿಗೆ ಹಂಚಿಹೋಗುತ್ತದೆ. ಲೆಕ್ಕ ಸೊಗಸಾಗಿದೆ. ಆದರೆ ನಿಲ್ಲಿಸುವಾಗ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುವುದರಿಂದ ಹಿಂದಿನ ಚಕ್ರದ ಹಿಡಿತ ಸಡಿಲುತ್ತದೆ ಎಂಬ ಸತ್ಯವನ್ನು ಯಾವ ಲೆಕ್ಕವೂ ಬದಲಿಸದು. ಕಡಿಮೆ ದೂರದಲ್ಲಿ ನಿಲ್ಲಿಸಬಲ್ಲದ್ದು ಮುಂದಿನ ಬ್ರೇಕೊಂದೇ.

ಈ ದೇಶದ 1983ರ ನಿಯಮಗಳು ಫಿಕ್ಸೆಡ್ ಸೈಕಲ್ಲು ರಸ್ತೆಗಿಳಿಯಬೇಕಾದರೆ ಮುಂದಿನ ಚಕ್ರಕ್ಕೆ ಬ್ರೇಕು ಇರಲೇಬೇಕೆಂದು ವಿಧಿಸುತ್ತವೆ. 2016ರಲ್ಲಿ ಲಂಡನ್ನಿನಲ್ಲಿ ಮುಂದಿನ ಬ್ರೇಕಿಲ್ಲದ ಫಿಕ್ಸೆಡ್ ಸೈಕಲ್ಲು ಡಿಕ್ಕಿ ಹೊಡೆದು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರು ಪ್ರಾಣ ಕಳೆದುಕೊಂಡರು. ಮರುವರ್ಷ ತರುಣ ಸವಾರನಿಗೆ, ಕುದುರೆಗಾಡಿಗಳ ಕಾಲದ 1861ರ ಕಾಯಿದೆಯ ಅಡಿಯಲ್ಲಿ, 18 ತಿಂಗಳ ಸೆರೆವಾಸ ವಿಧಿಸಲಾಯಿತು. ಅಂಗಣದಲ್ಲಿ ಎಲ್ಲರನ್ನೂ ಕಾಪಾಡುವ ಬ್ರೇಕಿಲ್ಲದ ನಿಯಮ, ಬೀದಿಗೆ ಬಂದಾಗ ಒಂದು ಸಂಸಾರದ ದುಃಖಕ್ಕೂ ಒಬ್ಬ ತರುಣನ ಸೆರೆಗೂ ಎಡೆಮಾಡಿತು.

ಆದುದರಿಂದ ಚೌಕಟ್ಟನ್ನು ಆರಿಸುವಾಗ ನಾವು ಮೊದಲು ನೋಡಬೇಕಾದದ್ದು ಬಣ್ಣವನ್ನಲ್ಲ, ಮುದ್ರೆಯನ್ನಲ್ಲ. ಫೋರ್ಕಿನ ನೆತ್ತಿಯಲ್ಲಿರುವ ಬ್ರೇಕಿನ ರಂಧ್ರವನ್ನು. ರಸ್ತೆಗೂ ಅಂಗಣಕ್ಕೂ ಒಂದೇ ಸೈಕಲ್ಲು ಇಟ್ಟುಕೊಂಡಿದ್ದ ಅಂದಿನ ಕ್ಲಬ್ ಸವಾರರು ಅಂಗಣದ ಬಾಗಿಲಲ್ಲಿ ಬ್ರೇಕು ಕಳಚುತ್ತಿದ್ದರು, ಮನೆಗೆ ಹೊರಡುವ ಮುನ್ನ ಮರೆಯದೆ ಜೋಡಿಸುತ್ತಿದ್ದರು. ನಮ್ಮ ಮಕ್ಕಳು ಈ ಸೈಕಲ್ಲನ್ನು ಪ್ರೀತಿಯಿಂದ ಜೋಡಿಸಲಿ, ಆ ಪ್ರೀತಿಯಲ್ಲಿ ನಾವೂ ಪಾಲುಗೊಳ್ಳೋಣ. ಆದರೆ ಜೋಡಣೆಯ ಪಟ್ಟಿಯಲ್ಲಿ ಮುಂದಿನ ಬ್ರೇಕು ಮೊದಲ ಸಾಲಿನಲ್ಲಿರುವಂತೆ ನೋಡಿಕೊಳ್ಳುವುದು ಮನೆಯ ಹಿರಿಯರಾದ ನಮ್ಮ ಹೊಣೆ.