ಊರು ಬಿಟ್ಟ ಕಾಲ್ಚೆಂಡು

ನಂಜನಗೂಡು, ತಿ. ನರಸೀಪುರ ಸೀಮೆಯ ಹೆಮ್ಮಿಗೆಯಂಥ ಊರುಗಳ ಮಕ್ಕಳಿಗೆ ಓಟ ಹೊಸದಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪಿನ ಫೈನಲ್‌ನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಶಾಲೆಯ ಅಂಗಳ, ಒಬ್ಬ ಶ್ರದ್ಧೆಯ ತರಬೇತುದಾರ, ಬಿಡದ ಅಭ್ಯಾಸ ಇಷ್ಟಿದ್ದರೆ ಖೋ ಖೋ ಹಳ್ಳಿಯಿಂದಲೇ ಲೋಕಕ್ಕೆ ಹೋಗಬಲ್ಲದು. ಫುಟ್‌ಬಾಲ್‌ಗೆ ಅಷ್ಟು ಸಾಲದು. ವಾರವಾರವೂ ಎದುರಾಳಿ ಬೇಕು, ಲೀಗ್ ಬೇಕು, ಹದಿನೆಂಟು ದಾಟಿದ ಮೇಲೆ ಅನ್ನ ಹಾಕುವ ತಂಡ ಬೇಕು. ಕರ್ನಾಟಕದಲ್ಲಿ ಈ ಮೂರೂ ಒಟ್ಟಿಗೆ ಸಿಕ್ಕ ಜಾಗ ಒಂದೇ, ಬೆಂಗಳೂರು. ಅಲ್ಲಿಯೂ ಊರೆಲ್ಲ ಅಲ್ಲ, ದಂಡು ಪ್ರದೇಶದ ಕೆಲವೇ ಕೇರಿಗಳು. ನಮ್ಮ ಫುಟ್‌ಬಾಲಿಗನ ಏಳುಬೀಳುಗಳೆಲ್ಲ ಈ ಇಕ್ಕಟ್ಟಿನಿಂದಲೇ ಹುಟ್ಟಿದವು.

ಬ್ರಿಟಿಷ್ ಪಡೆಗಳು ಆಡುತ್ತಿದ್ದ ಆಟವನ್ನು ದಂಡಿನ ಸುತ್ತಲ ತಮಿಳು, ಉರ್ದು, ಕನ್ನಡ ಮಾತಿನ ಬಡ ಮನೆಗಳ ಹುಡುಗರು ನೋಡಿ ಕಲಿತರು, ಬರಿಗಾಲಲ್ಲೇ ಆಡಿದರು. ಕಲಿಸಿದವರನ್ನೇ ಸೋಲಿಸುವ ಕಾಲವೂ ಬಂತು. ಬೊಂಬಾಯಿಯ ರೋವರ್ಸ್ ಕಪ್ ಬಹುಕಾಲ ಸೇನಾ ತಂಡಗಳ ಸ್ವತ್ತಾಗಿತ್ತು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಬೆಂಗಳೂರ್ ಮುಸ್ಲಿಮ್ಸ್. 1938ರಲ್ಲಿ ಮತ್ತೆ ಗೆದ್ದರು, 1948ರಲ್ಲಿ ಇನ್ನೊಮ್ಮೆ. ನಡುವೆ 1946ರ ಅಂತರರಾಜ್ಯ ಸಂತೋಷ್ ಟ್ರೋಫಿಯಲ್ಲಿ ಮೈಸೂರು (ಇಂದಿನ ಕರ್ನಾಟಕ) ತಂಡ ಬಂಗಾಳವನ್ನು ಬೆಂಗಳೂರಿನಲ್ಲೇ 2–1ರಿಂದ ಮಣಿಸಿತು. ಕನ್ನಡದಲ್ಲಿ ಈ ಗೆಲುವುಗಳ ಬಗ್ಗೆ ಬರೆದದ್ದು ತೀರ ಕಡಿಮೆ. ನನಗೆ ಇದು ದೊಡ್ಡ ನಷ್ಟವಾಗಿ ಕಾಣುತ್ತದೆ.

1948ರ ಲಂಡನ್ ಒಲಿಂಪಿಕ್ಸ್ ಈ ಕೇರಿಗಳ ಸುಗ್ಗಿ. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ತಂಡದಲ್ಲಿ ಗೋಲ್‌ಕೀಪರ್ ಕೆ. ವಿ. ವರದರಾಜ್, ಅಹ್ಮದ್ ಖಾನ್, ಸಾರಂಗಪಾಣಿ ರಾಮನ್, ಧನರಾಜ್, ವಜ್ರವೇಲು, ಬಷೀರ್ ಹೀಗೆ ಬೆಂಗಳೂರಿನವರ ಒಂದು ಗುಂಪೇ ಇತ್ತು. ಜುಲೈ 31ರಂದು ಫ್ರಾನ್ಸ್ ವಿರುದ್ಧ ಭಾರತದ ಹೆಚ್ಚಿನವರು ಬರಿಗಾಲಲ್ಲಿ ಅಥವಾ ಪಟ್ಟಿ ಸುತ್ತಿಕೊಂಡು ಆಡಿದರು. ಒಂದು ಗೋಲಿನಿಂದ ಹಿಂದಿದ್ದಾಗ ರಾಮನ್ ಸಮ ಮಾಡಿದರು. ಎರಡು ಪೆನಾಲ್ಟಿಗಳು ಕೈತಪ್ಪಿದವು, ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ 2–1ರಿಂದ ಗೆದ್ದಿತು. ಸ್ವತಂತ್ರ ದೇಶದ ಮೊದಲ ಒಲಿಂಪಿಕ್ ಫುಟ್‌ಬಾಲ್ ಗೋಲು ಬೆಂಗಳೂರಿನ ಹುಡುಗನದು. ನಮ್ಮ ಶಾಲೆಯ ಪುಸ್ತಕಗಳಲ್ಲಿ ಆ ಹೆಸರು ಇರಬೇಕಿತ್ತು.

ಪರದೇಶದಲ್ಲಿ ಆಡುವುದೆಂದರೆ ಆಗ ದೇಶದ ತಂಡದ ಜೊತೆ ಹೋಗಿ ಬರುವುದು. ಬದುಕು ಕಟ್ಟಿಕೊಳ್ಳಲು ಹೋಗುತ್ತಿದ್ದದ್ದು ಕಲ್ಕತ್ತೆಗೆ. ಭಾಷೆ ಬೇರೆ, ಊಟ ಬೇರೆ, ಮಳೆಗಾಲದ ಕೆಸರು ಬೇರೆ. ಅಹ್ಮದ್ ಖಾನ್ 1949ರಲ್ಲಿ ಈಸ್ಟ್ ಬೆಂಗಾಲ್ ಸೇರಿ ಹತ್ತು ವರ್ಷ ಅಲ್ಲೇ ಉಳಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಮತ್ತು ಅಹ್ಮದ್ ಖಾನ್ ಸೇರಿದ ಮುಂಪಡೆಯನ್ನು ಬಂಗಾಳಿಗಳು ಪಂಚಪಾಂಡವರೆಂದು ಕರೆದರು. ಐವರಲ್ಲಿ ಒಬ್ಬರೂ ಬಂಗಾಳಿಯಲ್ಲ. ಚೆಂಡು ಅಹ್ಮದ್ ಖಾನರ ಕಾಲಿಗೆ ಬಂದರೆ ಕಸಿಯುವುದು ಕಷ್ಟ ಎನ್ನುತ್ತಿದ್ದ ಜನ ಅವರನ್ನು ಹಾವಾಡಿಗ ಎಂದೂ ಕರೆದರು. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದ ಚಿನ್ನದಲ್ಲಿ ಅವರ ಪಾಲಿದೆ. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ವಿರುದ್ಧ ಭಾರತ 10–1ರಿಂದ ಸೋತಾಗ ಆ ಒಂದು ಗೋಲು ಅವರದೇ. ಬರಿಗಾಲಾಟದ ಕಾಲ ಆ ಸೋಲಿನೊಂದಿಗೆ ಮುಗಿಯುತ್ತ ಬಂತು, ಬೂಟು ಕಡ್ಡಾಯವಾಯಿತು. ಮರುವರ್ಷ ಈಸ್ಟ್ ಬೆಂಗಾಲ್ ರುಮೇನಿಯ ಮತ್ತು ಸೋವಿಯತ್ ಒಕ್ಕೂಟದ ಪ್ರವಾಸ ಮಾಡಿತು. ಭಾರತದ ಕ್ಲಬ್ಬೊಂದು ಯುರೋಪಿಗೆ ಹೋಗುವುದು ಆಗ ದೊಡ್ಡ ಸುದ್ದಿ. ಅಹ್ಮದ್ ಖಾನ್ ಬೆಂಗಳೂರಿಗೆ ಮರಳಿ, 2017ರ ಆಗಸ್ಟಿನಲ್ಲಿ ತೀರಿಕೊಂಡರು.

ಅವರ ಹಿಂದೆ ಹೋದವರಲ್ಲಿ ಮರಿಯಪ್ಪ ಕೆಂಪಯ್ಯ ಮುಖ್ಯರು. ಮೋಹನ್ ಬಾಗಾನ್ ಪರ ಆಡಿದ ಈ ಹಾಫ್ ಆಟಗಾರ 1956ರ ಮೆಲ್ಬರ್ನ್, 1960ರ ರೋಮ್ ಎರಡೂ ಒಲಿಂಪಿಕ್ಸ್ ಕಂಡವರು. ಮೆಲ್ಬರ್ನ್‌ನಲ್ಲಿ ಭಾರತ ನಾಲ್ಕನೆಯದಾಯಿತು, ಒಲಿಂಪಿಕ್ ಫುಟ್‌ಬಾಲಿನಲ್ಲಿ ನಾವು ಅದಕ್ಕಿಂತ ಮೇಲೆ ಹೋದದ್ದಿಲ್ಲ. ಮೋಹನ್ ಬಾಗಾನಿಗೇ ಹೋದ ಅರುಮೈನಾಯಗಂ 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು.

ಇವರೆಲ್ಲ ಕಾಗದದ ಮೇಲೆ ಹವ್ಯಾಸಿಗಳು. ಕ್ಲಬ್ಬು ಕೊಡುವ ಹಣಕ್ಕೆ ಭದ್ರತೆ ಇರಲಿಲ್ಲ. ಊರಲ್ಲಿ ಉಳಿದವರನ್ನು ಸಾಕಿದ್ದು ಕಾರ್ಖಾನೆ. ಎಚ್‌ಎಎಲ್, ಐಟಿಐಯಂಥ ಸಾರ್ವಜನಿಕ ಉದ್ಯಮಗಳು, ಎಂಇಜಿ, ಎಎಸ್‌ಸಿಯಂಥ ಸೇನಾ ಕೇಂದ್ರಗಳು ಆಟಗಾರನಿಗೆ ಕೆಲಸ ಕೊಟ್ಟು, ಅಭ್ಯಾಸಕ್ಕೆ ರಜೆ ಕೊಟ್ಟು, ಮಂಡಿ ಹೋದ ಮೇಲೂ ತಿಂಗಳ ಸಂಬಳ ತಪ್ಪದಂತೆ ನೋಡಿಕೊಂಡವು. ಮಗ ಫುಟ್‌ಬಾಲ್ ಆಡಿದರೆ ಸರ್ಕಾರಿ ಕ್ವಾರ್ಟರ್ಸ್ ಸಿಗುತ್ತದೆ ಎಂಬ ಮಾತು ಗೌತಮಪುರ, ಆಸ್ಟಿನ್ ಟೌನಿನ ತಾಯಂದಿರಿಗೆ ದೊಡ್ಡ ಧೈರ್ಯ. ಗೌತಮಪುರದ ಬೀದಿಯಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಜೊತೆ ಪೆಲೆಯ ಪ್ರತಿಮೆಯೂ ನಿಂತಿದೆ. 1967–68 ಮತ್ತು 1968–69ರಲ್ಲಿ ಮೈಸೂರು ಬೆನ್ನುಬೆನ್ನಿಗೆ ಸಂತೋಷ್ ಟ್ರೋಫಿ ಗೆದ್ದ ಕಾಲದಲ್ಲಿ ಈ ವ್ಯವಸ್ಥೆ ಗಟ್ಟಿಯಾಗಿತ್ತು. ಎರಡೂ ಫೈನಲ್‌ಗಳಲ್ಲಿ ಎದುರಾಳಿ ಬಂಗಾಳವೇ.

ಕಾರ್ಲ್‌ಟನ್ ಚಾಪ್‌ಮನ್ ಹಳೆಯ ದಾರಿಗೂ ಹೊಸ ದಾರಿಗೂ ನಡುವೆ ನಿಂತವರು. 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಜೆಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಪಳಗಿ, 1993ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ವಿರುದ್ಧ ಹ್ಯಾಟ್ರಿಕ್ ಹೊಡೆದರು. ಪಂದ್ಯ 6–2. ಆಮೇಲೆ ಪಂಜಾಬಿನ ಜೆಸಿಟಿಗೆ ಹೋಗಿ 1996–97ರ ಮೊದಲ ರಾಷ್ಟ್ರೀಯ ಲೀಗ್ ಗೆದ್ದರು, ಮರಳಿ ಬಂದು 2000–01ರಲ್ಲಿ ಈಸ್ಟ್ ಬೆಂಗಾಲಿಗೂ ಅದನ್ನು ಗೆದ್ದುಕೊಟ್ಟರು. ಭಾರತ ತಂಡದ ನಾಯಕತ್ವವೂ ಅವರದಾಯಿತು. ಬೂಟು ಕಳಚಿದ ಮೇಲೆ ಊರೂರು ಸುತ್ತಿ ತರಬೇತಿ ಕೊಟ್ಟರು. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ವಯಸ್ಸು 49.

ಚಾಪ್‌ಮನ್ ನಂತರದ ತಲೆಮಾರಿಗೆ ಗುತ್ತಿಗೆಯೇ ಗತಿ. ನಂಜನಗೂಡಿನ ಹೆಸರು ಭಾರತದ ಜರ್ಸಿಯ ಬಳಿ ಬಂದದ್ದು ಈ ಕಾಲದಲ್ಲಿ. ಡಿಫೆಂಡರ್ ಎನ್. ಎಸ್. ಮಂಜು, ಅಂದರೆ ನಂಜನಗೂಡು ಶಿವನಂಜು ಮಂಜು, ಮುಂಬೈನ ಮಹೀಂದ್ರ ಯುನೈಟೆಡ್ ಪರ ಆಡಿ ರಾಷ್ಟ್ರೀಯ ತಂಡಕ್ಕೂ ಬಂದರು. 2005–06ರ ರಾಷ್ಟ್ರೀಯ ಲೀಗ್ ಗೆದ್ದ ಮಹೀಂದ್ರ ತಂಡವನ್ನು ಕಂಪನಿ 2010ರಲ್ಲಿ ಮುಚ್ಚಿತು. ಜೆಸಿಟಿ ಮರುವರ್ಷ ಹೋಯಿತು. ಐ ಲೀಗ್‌ವರೆಗೆ ಏರಿದ್ದ ಎಚ್‌ಎಎಲ್ 2012ರಲ್ಲಿ ಕೆಳಗಿಳಿಯಿತು. ಒಂದು ಮಂಡಳಿ ಸಭೆಯ ತೀರ್ಮಾನಕ್ಕೆ ಇಪ್ಪತ್ತೈದು ಜನರ ಜೀವನ ಅಲ್ಲಾಡುತ್ತದೆ. ಕಾರ್ಖಾನೆಯ ನೌಕರಿಯಲ್ಲಿ ಈ ಭಯ ಇರಲಿಲ್ಲ.

2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ ಲೀಗ್ ಗೆದ್ದಿತು. 2015–16ರಲ್ಲಿ ಮತ್ತೆ ಗೆದ್ದು, 2018–19ರಲ್ಲಿ ಇಂಡಿಯನ್ ಸೂಪರ್ ಲೀಗನ್ನೂ ಕೈಗೆ ತಂದುಕೊಂಡಿತು. 2016ರ ನವೆಂಬರಿನಲ್ಲಿ ದೋಹಾದ ಎಎಫ್‌ಸಿ ಕಪ್ ಫೈನಲ್ಲಿಗೆ ಹೋಗಿ ಇರಾಕಿನ ತಂಡಕ್ಕೆ 1–0ರಿಂದ ಸೋತಿತು. ಭಾರತದ ಕ್ಲಬ್ಬೊಂದು ಆ ಮಟ್ಟ ಮುಟ್ಟಿದ್ದು ಅದೇ ಮೊದಲು. ಹೊರದೇಶದ ಅನುಭವವನ್ನು ಕಂಠೀರವಕ್ಕೆ ತಂದವರೂ ಇಲ್ಲಿದ್ದಾರೆ. ಸುನಿಲ್ ಛೆಟ್ರಿ ಅಮೆರಿಕದ ಕನ್ಸಾಸ್ ಸಿಟಿ, ಪೋರ್ಚುಗಲ್ಲಿನ ಸ್ಪೋರ್ಟಿಂಗ್ ಬಿ ತಂಡ ನೋಡಿ ಬಂದವರು. ಗುರುಪ್ರೀತ್ ಸಿಂಗ್ ಸಂಧು ನಾರ್ವೆಯ ಸ್ಟಾಬೆಕ್‌ನಲ್ಲಿ ಗೋಲು ಕಾಯ್ದು 2016ರಲ್ಲಿ ಯುರೋಪಾ ಲೀಗ್ ಆಡಿದ ಮೊದಲ ಭಾರತೀಯ. ಇಬ್ಬರೂ ಹೊರಗಿನಿಂದ ಬಂದು ಬೆಂಗಳೂರಿನವರಾದರು. ಅರವತ್ತು ವರ್ಷ ಆಟಗಾರರನ್ನು ಕಳುಹಿಸಿದ ಊರು ಈಗ ಕರೆಸಿಕೊಳ್ಳುವ ಊರಾಗಿದೆ. ಇದು ಸಂತೋಷದ ಮಾತೇ, ಆದರೆ ಇದರಿಂದ ಕರ್ನಾಟಕದ ಹಳ್ಳಿಹುಡುಗನ ದಾರಿ ಸುಲಭವಾಯಿತೆಂದು ಹೇಳಲಾರೆ.

2023ರ ಮಾರ್ಚ್ 4ರಂದು ರಿಯಾದ್‌ನ ಕಿಂಗ್ ಫಹದ್ ಕ್ರೀಡಾಂಗಣದಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ತಂದಿತು. ಗೋಲು ಹೊಡೆದವರು ಸುನಿಲ್ ಕುಮಾರ್, ಬೇಕಿ ಓರಾಂ, ರಾಬಿನ್ ಯಾದವ್. ಬೆಂಗಳೂರಿನ ಕ್ಲಬ್ ಲೀಗುಗಳ ಫಲ ಅದು. ಮಹಿಳೆಯರಲ್ಲಿ ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ ಅದೇ ವರ್ಷ ಇಂಡಿಯನ್ ವಿಮೆನ್ಸ್ ಲೀಗ್ ಫೈನಲ್ ತಲುಪಿತು. ಬಳ್ಳಾರಿ ಕಡೆಯ ವಿಜಯನಗರದಲ್ಲಿ ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿ ತೆರೆದಿರುವುದರಿಂದ ರಾಜಧಾನಿಯ ಹೊರಗೂ ಒಂದು ಬಾಗಿಲಾಗಿದೆ.

ಗಡಿಯಾಚೆ ಕಾಸರಗೋಡು ಜಿಲ್ಲೆಯಲ್ಲಿ ಬೇರೆಯದೇ ರೀತಿ. ಅಲ್ಲಿ ಕೊಯ್ಲು ಮುಗಿದ ಗದ್ದೆಗಳಲ್ಲಿ ಏಳು ಜನರ ತಂಡಗಳ ಸೆವೆನ್ಸ್ ಪಂದ್ಯ, ಟಿಕೆಟ್ಟು, ಆಟಕ್ಕಿಷ್ಟೆಂದು ಕೂಲಿ, ಆಫ್ರಿಕದಿಂದ ಬಂದ ಆಟಗಾರರು. ತೃಕ್ಕರಿಪುರದ ಮೊಹಮ್ಮದ್ ರಫಿ ಆ ನೆಲದಿಂದ ಎದ್ದು 2016ರ ಸೂಪರ್ ಲೀಗ್ ಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಪರ ಗೋಲು ಹೊಡೆದರು. ಮೈಸೂರು ಜಿಲ್ಲೆಯ ತಾಲ್ಲೂಕುಗಳಲ್ಲಿ ಗದ್ದೆಗೂ ಕೊರತೆಯಿಲ್ಲ, ನೋಡುವ ಜನರಿಗೂ ಇಲ್ಲ. ಭತ್ತದ ಕೊಯ್ಲಾದ ಮೇಲೆ ನಂಜನಗೂಡು, ತಿ. ನರಸೀಪುರ, ತಲಕಾಡು, ಬನ್ನೂರುಗಳ ನಡುವೆ ಹದಿನಾಲ್ಕು ವರ್ಷದೊಳಗಿನವರಿಗೆ ವಾರಕ್ಕೊಂದು ಪಂದ್ಯದ ಲೀಗ್ ನಡೆಸಲು ಕ್ರೀಡಾಂಗಣವೂ ಬೇಡ, ಎರಡು ಜೊತೆ ಗೋಲುಕಂಬ, ಒಬ್ಬ ರೆಫರಿ, ಮಕ್ಕಳನ್ನು ಕರೆದೊಯ್ಯುವ ಒಂದು ಗಾಡಿ ಸಾಕು. ಜಿಲ್ಲಾ ಸಂಸ್ಥೆ ಮನಸ್ಸು ಮಾಡಿದರೆ ಮುಂದಿನ ಸುಗ್ಗಿಗೇ ಶುರುಮಾಡಬಹುದು.