ಬುಟ್ಟಿಯಿಂದ ಗಾಜಿನ ಪೆಟ್ಟಿಗೆಗೆ: ಸಾಕುಹಾವಿನ ಜಾಗದ ಒಂದು ಸಣ್ಣ ಇತಿಹಾಸ

ಕಳೆದ ಸಲ ನಮ್ಮ ಚರ್ಚೆ ನಿಂತಿದ್ದು ಒಂದು ಪ್ರಶ್ನೆಯ ಮೇಲೆ: ಮನೆಯಲ್ಲಿ ಸಾಕುವ ಕಾರ್ನ್ ಸ್ನೇಕ್‌ಗೆ ಎಷ್ಟು ಜಾಗ ಬೇಕು? ಇದು ಪ್ರಾಣಿಶಾಸ್ತ್ರದವರ ಪ್ರಶ್ನೆ ಅಂತ ಕೆಲವರು ಅಂದ್ರಿ. ನನಗೆ ಇದು ಇತಿಹಾಸದ ಪ್ರಶ್ನೆಯಾಗಿಯೇ ಕಾಣುತ್ತದೆ.

ನಿಲಕ್ಕೋಟ್ಟೈ, ಕಂಬಂ ಕಣಿವೆಯ ಕಡೆ ತಮಿಳಿನಲ್ಲಿ ಸಾರೈ ಅನ್ನುವುದನ್ನೇ ನಾವು ಕೇರೆ ಅಂತೀವಿ; ಎರಡೂ ಒಂದೇ ಮೂಲದ ಮಾತು. ಇಲಿ ಹಿಡಿಯುವ ಈ ಎರಡು ಮೀಟರಿನ ಹಾವನ್ನು ರೈತರು ಹೊಲದಲ್ಲಿ ಇರಗೊಟ್ಟರೇ ಹೊರತು ಸಾಕಲಿಲ್ಲ. ಹಾವನ್ನು ಜೊತೆಗಿಟ್ಟುಕೊಂಡವರು ಹಾವಾಡಿಗರು. ಅವರ ಬುಟ್ಟಿಯ ಅಳತೆ ಎರಡೇ: ಸುರುಳಿ ಸುತ್ತಿದ ಹಾವು, ಹೊರುವವನ ಹೆಗಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆ ಬುಟ್ಟಿಯನ್ನು ಅಪರಾಧ ಮಾಡಿತು. 1976ರಲ್ಲಿ ಹಾವಿನ ಚರ್ಮದ ರಫ್ತು ನಿಂತಿತು. 1978ರಲ್ಲಿ ಚೆನ್ನೈ ಬಳಿ ಇರುಳರ ಸಹಕಾರ ಸಂಘ ಹುಟ್ಟಿತು. ಅಲ್ಲಿ ವಿಷ ತೆಗೆಯುವ ಹಾವುಗಳು ಮಣ್ಣಿನ ಮಡಕೆಯಲ್ಲಿ ಇರುತ್ತವೆ. ಆದರೆ ಕೆಲವೇ ವಾರ, ಆಮೇಲೆ ಕಾಡಿಗೆ. ಈ ವ್ಯತ್ಯಾಸ ಗಮನಿಸಿ: ಮಡಕೆ ಚಿಕ್ಕದು, ಅವಧಿಯೂ ಚಿಕ್ಕದು.

ಕಾರ್ನ್ ಸ್ನೇಕ್ ವಿಷಯ ಬೇರೆ. ಲಿನ್ನೇಯಸ್ 1766ರಲ್ಲಿ ಹೆಸರಿಟ್ಟ ಈ ಅಮೆರಿಕದ ಹಾವು ನಮ್ಮ ಕೇರೆಯ ಕುಟುಂಬಕ್ಕೇ ಸೇರಿದ್ದು, ವಿಷವಿಲ್ಲ. ಅಂಗಡಿಯಲ್ಲಿ ನೋಡುವಾಗ ಮರಿ ಒಂದಡಿ, ಪೆನ್ಸಿಲ್‌ನಷ್ಟು ದಪ್ಪ. ಬೆಳೆದ ಮೇಲೆ ಸಾಮಾನ್ಯವಾಗಿ 3ರಿಂದ 5 ಅಡಿ, ಕೆಲವು 6 ಅಡಿ. ಆಯಸ್ಸು 15–20 ವರ್ಷ. ಕೊಳ್ಳುವವರು ಮರಿಗೆ ಡಬ್ಬ ಕೊಳ್ತಾರೆ, ಬೆಳೆದ ಹಾವಿಗಲ್ಲ. ತೊಂದರೆ ಶುರುವಾಗೋದೇ ಅಲ್ಲಿ. ಅಮೆರಿಕದ ಸಾಕಣೆ ಕೈಪಿಡಿಗಳು ಬಹುಕಾಲ 30 ಇಂಚು ಉದ್ದದ ಮೀನಿನ ತೊಟ್ಟಿ ಸಾಕು ಅಂದವು. ಹಾವು ಸುತ್ತಿಕೊಂಡೇ ಇರುತ್ತೆ ಅನ್ನೋ ನಂಬಿಕೆ ಅದರ ಹಿಂದೆ ಇತ್ತು. ಅಂದರೆ ಹಾವಾಡಿಗನ ಬುಟ್ಟಿಯ ತರ್ಕವೇ, ಗಾಜಿನಲ್ಲಿ. 2019ರಲ್ಲಿ ವಾರ್ವಿಕ್, ಅರೀನಾ, ಸ್ಟೀಡ್‌ಮನ್ ಬರೆದ ಲೇಖನ ಇದನ್ನೇ ಪ್ರಶ್ನಿಸಿತು: ಹಾವುಗಳು ಮೈಚಾಚಿ ನೇರವಾಗಿಯೂ ಮಲಗುತ್ತವೆ, ಹಾಗಾಗಿ ಪೆಟ್ಟಿಗೆಯ ಉದ್ದ ಹಾವಿನ ಉದ್ದಕ್ಕಿಂತ ಕಡಿಮೆ ಇರಬಾರದು. ಈಗ ಅನೇಕರು ಹೇಳುವ ಅಳತೆ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. 5 ಅಡಿಯ ಹಾವಿಗೆ ಅದೂ ಸಾಲದು. ಒಂದು ತುದಿ 28–30 ಡಿಗ್ರಿ ಬೆಚ್ಚಗೆ, ಇನ್ನೊಂದು ತುದಿ ತಂಪು, ಎರಡೂ ಕಡೆ ಅಡಗುತಾಣ, ಭದ್ರವಾದ ಮುಚ್ಚಳ. ದಿಂಡಿಗಲ್ ಸೀಮೆಯ ಬೇಸಿಗೆಯಲ್ಲಿ ಕಷ್ಟವೆಲ್ಲ ಆ ತಂಪು ತುದಿಯದೇ. ಕೈಪಿಡಿಗಳು ಬರೆದದ್ದು ಚಳಿದೇಶದವರಿಗೆ.

ಕಾನೂನು ಏನು ಹೇಳುತ್ತೆ? 2024ರ ನೋಂದಣಿ ನಿಯಮಗಳು ಸೈಟಿಸ್ ಪಟ್ಟಿಯ ಪ್ರಾಣಿಗಳಿಗೆ ಮಾತ್ರ. ಕಾರ್ನ್ ಸ್ನೇಕ್ ಆ ಪಟ್ಟಿಯಲ್ಲಿಲ್ಲ. ಹೊಲದ ಕೇರೆಗೆ ಕಾಯ್ದೆಯ ರಕ್ಷಣೆಯಿದೆ. ಪೆಟ್ಟಿಗೆಯೊಳಗಿನ ಅದರ ಪರದೇಶಿ ನೆಂಟನಿಗೆ ನೋಂದಣಿಯೂ ಇಲ್ಲ. 2023ರ ಜನವರಿಯಲ್ಲಿ ಚೆನ್ನೈ ವಿಮಾನ ನಿಲ್ದಾಣದಲ್ಲಿ ವಾರಸುದಾರರಿಲ್ಲದ ಎರಡು ಬ್ಯಾಗುಗಳು ಸಿಕ್ಕವು. ಒಳಗೆ 45 ಬಾಲ್ ಪೈಥಾನ್, ಮಾರ್ಮೊಸೆಟ್ ಕೋತಿಗಳು, ನಕ್ಷತ್ರ ಆಮೆಗಳು, ಜೊತೆಗೆ 8 ಕಾರ್ನ್ ಸ್ನೇಕ್. ಎಲ್ಲವನ್ನೂ ಬ್ಯಾಂಕಾಕ್‌ಗೆ ವಾಪಸ್ ಕಳಿಸಿದರು.