ಕಾಡಿಗೆ ಹೊರಟವನ ಸಾಮಗ್ರಿ

ಹೆಗ್ಗಡದೇವನಕೋಟೆ ಸೀಮೆಯ ಬೀಚನಹಳ್ಳಿ ಮತ್ತು ಬಿದರಹಳ್ಳಿಗಳ ನಡುವೆ ಕಪಿಲೆಯ ಹೊಳೆಯನ್ನು ತಡೆದು ನಿಲ್ಲಿಸಿದ ಅಣೆಕಟ್ಟು ಪೂರ್ಣಗೊಂಡದ್ದು 1974ರಲ್ಲಿ. ಅದೇ ವರ್ಷ ಅಮೆರಿಕದ ಲೇಕ್ ಜಿನೀವಾ ಎಂಬ ಸಣ್ಣ ಪಟ್ಟಣದಿಂದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವು ಮೂರು ಕಿರುಹೊತ್ತಗೆಗಳ ರೂಪದಲ್ಲಿ ಹೊರಬಂದಿತು. ಆಟಗಾರನು ತನಗೊಬ್ಬ ಕಲ್ಪಿತ ವೀರನನ್ನು ಸೃಷ್ಟಿಸಿಕೊಂಡು, ಮಾಂತ್ರಿಕರೂ ರಾಕ್ಷಸರೂ ತುಂಬಿದ ನೆಲಮಾಳಿಗೆಗಳೊಳಗೆ ಅವನನ್ನು ನಡೆಸಿಕೊಂಡು ಹೋಗುವುದೇ ಆ ಆಟದ ಸ್ವರೂಪ. ಆದರೆ ಆ ಮೊದಲ ಆವೃತ್ತಿಯಲ್ಲಿ, ವೀರನು ಹೊಸ್ತಿಲು ದಾಟುವ ಮುನ್ನ ಆಟಗಾರನು ಆರು ಮುಖದ ಮೂರು ದಾಳಗಳನ್ನು ಉರುಳಿಸಿ, ಬಿದ್ದ ಸಂಖ್ಯೆಯನ್ನು ಹತ್ತರಿಂದ ಗುಣಿಸಿ, ಬಂದಷ್ಟು ಹೊನ್ನಿನ ನಾಣ್ಯಗಳಲ್ಲಿ ಅವನಿಗೆ ಬೇಕಾದುದೆಲ್ಲವನ್ನೂ ಕೊಂಡು ಮುಗಿಸಬೇಕಾಗಿತ್ತು. ಕನಿಷ್ಠ 30, ಗರಿಷ್ಠ 180 ನಾಣ್ಯ. ಕತ್ತಿಗೆ 10, ಸರಪಳಿಯ ಅಂಗಿಗೆ 30, ಮೈತುಂಬ ಮುಚ್ಚುವ ಲೋಹಕವಚಕ್ಕೆ 50. ಐವತ್ತು ಅಡಿ ಹಗ್ಗಕ್ಕೆ ಮಾತ್ರ ಒಂದೇ ನಾಣ್ಯ, ಆರು ಪಂಜುಗಳಿಗೂ ಒಂದೇ ನಾಣ್ಯ. ಕೊಂಡುದರ ತೂಕವನ್ನೂ ನಾಣ್ಯಗಳ ಲೆಕ್ಕದಲ್ಲಿಯೇ ಅಳೆಯುತ್ತಿದ್ದರು. ಹೊರೆ ಹೆಚ್ಚಿದಷ್ಟೂ ನಡೆ ನಿಧಾನವಾಗುತ್ತಿತ್ತು.

ಹೊಸಬನೊಬ್ಬನು ಅಪಾಯದ ಕಡೆಗೆ ಮುಖಮಾಡಿ ನಿಂತಾಗ ಅವನ ಕೈಯಲ್ಲಿ ಏನಿರಬೇಕೆಂಬ ಈ ವಿಚಾರ ಆ ಆಟಗಾರರಿಗೆ ಸಂಜೆಯ ವಿನೋದವಾಗಿದ್ದರೆ, ಅಣೆಕಟ್ಟಿನ ನೀರು ನುಂಗಿದ ಕಾಕನಕೋಟೆಯ ಕಾಡಂಚಿನ ಜನಕ್ಕೆ ಅದು ತಲೆತಲಾಂತರದಿಂದ ಪ್ರಾಣದ ವಿಚಾರವಾಗಿತ್ತು. ಅರಸರ ಆಯುಧಶಾಲೆಗಳ ವರ್ಣನೆ ನಮ್ಮ ಇತಿಹಾಸಗ್ರಂಥಗಳಲ್ಲಿ ಸಾಕಷ್ಟಿದೆ. ಕಾಡಿಗೆ ಮೊದಲ ಸಲ ಹೊರಟ ತರುಣನ ಹೆಗಲ ಮೇಲೇನಿತ್ತೆಂಬುದನ್ನು ಮಾತ್ರ ಯಾರೂ ಕ್ರಮವಾಗಿ ಬರೆದಿಟ್ಟಂತಿಲ್ಲ. ಈ ಸೀಮೆಯ ನಿಜವಾದ ಚರಿತ್ರೆಯು ಆ ಹೆಗಲಿನ ಹೊರೆಯಲ್ಲಿಯೇ ಹೆಚ್ಚು ಸ್ಪಷ್ಟವಾಗಿ ಕಾಣುವುದೆಂದು ನಾನು ನಂಬಿದ್ದೇನೆ.

ಜೇನುಕುರುಬರಿಂದಲೇ ಪ್ರಾರಂಭಿಸುವುದು ನ್ಯಾಯ, ಏಕೆಂದರೆ ಈ ಅರಣ್ಯವನ್ನು ಅವರಷ್ಟು ನಿಕಟವಾಗಿ ಬಲ್ಲವರು ಮತ್ತೊಬ್ಬರಿಲ್ಲ. ತುಡುವೆ ಜೇನು ಮರದ ಪೊಟರೆಯಲ್ಲಿರುತ್ತದೆ, ಕೋಲುಜೇನು ಪೊದೆಯ ಕಡ್ಡಿಗೆ ಅಂಟಿರುತ್ತದೆ. ಇವೆರಡನ್ನೂ ಕೀಳಲು ವಿಶೇಷ ಸಿದ್ಧತೆ ಬೇಕಿಲ್ಲ. ಹೆಜ್ಜೇನಿನ ವಿಷಯ ಹಾಗಲ್ಲ. ಅದು ಮುಗಿಲೆತ್ತರದ ಮರದ ಕೊಂಬೆಗಳಲ್ಲಿ, ಒಮ್ಮೊಮ್ಮೆ ಒಂದೇ ಮರದಲ್ಲಿ ಹತ್ತಾರು ಹಲ್ಲೆಗಳಾಗಿ ತೂಗುತ್ತಿದ್ದು, ಕೆರಳಿದರೆ ಮನುಷ್ಯನನ್ನು ಕೊಲ್ಲುವಷ್ಟು ಉಗ್ರವಾದುದು. ಅದರ ಮುಂದೆ ಬಿಲ್ಲೂ ಭರ್ಜಿಯೂ ನಿರರ್ಥಕ. ಆದಕಾರಣ ಜೇನಿಗೆ ಹೊರಟವನ ಸಾಮಗ್ರಿಯಲ್ಲಿ ಅಗ್ರಸ್ಥಾನ ಕಾಡಿನ ಬಳ್ಳಿಗೆ. ಬಲಿತ ಬಳ್ಳಿಯನ್ನು ಹೊಸೆದು ಮಾಡಿದ ಹಗ್ಗ ಅಥವಾ ನೇಣಿನ ಏಣಿ. ಕಾಂಡಕ್ಕೆ ಹೊಡೆದು ಮೆಟ್ಟಿಲಾಗಿಸಿಕೊಳ್ಳಲು ಬಿದಿರಿನ ಗೂಟಗಳು. ಹಲ್ಲೆಯನ್ನು ಕೊಯ್ಯಲು ಹರಿತವಾದ ಕತ್ತಿ. ತುಪ್ಪವನ್ನು ಇಳಿಸಲು ಬುಟ್ಟಿ, ಬಿದಿರಿನ ಅಂಡೆ ಅಥವಾ ಸೋರೆಯ ಬುರುಡೆ. ಮತ್ತು ಹೊಗೆಯ ಸೂಡಿ.

ಈ ಸೂಡಿಯನ್ನು ಕಟ್ಟುವ ಬಗೆಯನ್ನು ಸ್ವಲ್ಪ ಸಾವಧಾನವಾಗಿ ನೋಡಬೇಕು. ಒಳಗೆ ಒಣಗಿದ ಎಲೆಕಡ್ಡಿ, ಹೊರಗೆ ಹಸಿಸೊಪ್ಪು, ಎರಡನ್ನೂ ಸೇರಿಸಿ ಬಳ್ಳಿಯಿಂದ ಬಿಗಿದ ಕಟ್ಟು. ಒಳಗಿನ ಒಣಗಿದ್ದು ಕೆಂಡವನ್ನು ಕಾಪಾಡುತ್ತದೆ, ಹೊರಗಿನ ಹಸಿಯು ಅದನ್ನು ಉರಿಯಾಗಗೊಡದೆ ಹೊಗೆಯಾಗಿಸುತ್ತದೆ. ಬಿಗಿ ಸಡಿಲವಾದರೆ ಜ್ವಾಲೆಯೆದ್ದು ಹುಳುವೂ ಸುಡುತ್ತದೆ, ಹತ್ತಿದವನ ಕೈಯೂ ಸುಡುತ್ತದೆ. ಬಿಗಿ ಅತಿಯಾದರೆ ನಡುಮರದಲ್ಲಿಯೇ ಆರಿಹೋಗುತ್ತದೆ. ಚಂದ್ರನಿಲ್ಲದ ಇರುಳನ್ನೇ ಹೆಜ್ಜೇನು ಕೀಳಲು ಆರಿಸಿಕೊಳ್ಳುವುದು, ಕತ್ತಲಲ್ಲಿ ಹುಳುವಿಗೆ ದಿಕ್ಕು ತಿಳಿಯದೆಂಬ ಅರಿವಿನಿಂದ. ಹೀಗಿರುವಾಗ ಹೊಸಬನಿಗೆ ಮೊದಲು ಮರ ಹತ್ತುವ ಅಧಿಕಾರ ದೊರೆಯುವಂತಿಲ್ಲ; ಸೂಡಿ ಕಟ್ಟಿ, ಬುಟ್ಟಿ ಹೊತ್ತು, ಮೇಲಿನವನ ಕೂಗಿಗೆ ಕಿವಿಗೊಟ್ಟು ನಿಲ್ಲುವುದೇ ಅವನ ಪ್ರಥಮ ಪಾಠ.

ನೀಲಗಿರಿಯ ಸುತ್ತಣ ಜೇನು ಕೊಯ್ಯುವ ಬುಡಕಟ್ಟುಗಳಲ್ಲಿ, ಮೇಲಕ್ಕೆ ಹತ್ತಿದವನ ಹಗ್ಗವನ್ನು ಕಾಯುವ ಕೆಲಸವನ್ನು ಅವನ ಹೆಂಡತಿಯ ಅಣ್ಣನೋ ತಮ್ಮನೋ ವಹಿಸಬೇಕೆಂಬ ರೂಢಿಯುಂಟು. ಅದರ ಹಿಂದಿನ ವಿವೇಕ ಸುಲಭವಾಗಿಯೇ ಗ್ರಹಿಸುವಂಥದು: ತನ್ನ ಒಡಹುಟ್ಟಿದವಳು ವಿಧವೆಯಾಗುವುದನ್ನು ಬಯಸದವನೇ ಆ ಹಗ್ಗಕ್ಕೆ ಅತ್ಯಂತ ನಂಬಿಕೆಯ ಕಾವಲುಗಾರ. ಅಂದಮೇಲೆ ಹೊರಡುವವನು ತನ್ನ ಸಾಮಗ್ರಿಯೊಡನೆ ಒಬ್ಬ ಭಾವಮೈದುನನನ್ನೂ ಲೆಕ್ಕಹಾಕಿಕೊಳ್ಳಬೇಕಾಗಿತ್ತು. ಅಮೆರಿಕದ ಆಟದ ಬೆಲೆಪಟ್ಟಿಯಲ್ಲಿ ಹಗ್ಗವಿದೆ, ಹಿಡಿಯುವ ಕೈಯಿಲ್ಲ.

ಆಯುಧಕ್ಕಿಂತ ಹಗ್ಗವೇ ಮುಖ್ಯವೆಂಬ ಈ ಮಾತನ್ನು, ಆನೆಯ ಹಿಂಡನ್ನು ಸೋವಿ ಹಿಡಿಯುವ ಖೆಡ್ಡಾಗಳ ಚರಿತ್ರೆಯೂ ಮತ್ತೊಂದು ರೀತಿಯಲ್ಲಿ ಸಮರ್ಥಿಸುತ್ತದೆ. ಹೈದರಾಲಿಯು ಕಾಕನಕೋಟೆಯ ಅರಣ್ಯದಲ್ಲಿ ತನ್ನ ಸೈನ್ಯವನ್ನೇ ತೊಡಗಿಸಿ ಆನೆಯ ಹಿಂಡನ್ನು ಹಿಡಿಯಲೆತ್ನಿಸಿ ಸೋತು, ಇನ್ನು ಮುಂದೆ ಇದಕ್ಕೆ ಕೈಹಾಕುವವರಿಗೆ ಶಾಪವಿರಲೆಂದು ಕಲ್ಲಿನಲ್ಲಿ ಕೊರೆಯಿಸಿ ನಿಲ್ಲಿಸಿದನೆಂಬ ವೃತ್ತಾಂತವನ್ನು ಜಿ. ಪಿ. ಸ್ಯಾಂಡರ್ಸನ್ 1878ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ಮೈಸೂರು ಸಂಸ್ಥಾನದಲ್ಲಿ ಕಾಲುವೆಗಳ ಮೇಲ್ವಿಚಾರಣೆಗೆಂದು ನಿಯುಕ್ತನಾಗಿದ್ದ ಈ ಆಂಗ್ಲನು ಆನೆಗಳ ನಡವಳಿಕೆಯನ್ನು ವರ್ಷಗಟ್ಟಲೆ ಗಮನಿಸಿ, 1874ರಲ್ಲಿ ಚಾಮರಾಜನಗರದ ಬಳಿ ಹಿಂಡೊಂದನ್ನು ಯಶಸ್ವಿಯಾಗಿ ಹಿಡಿದನು. ಕೋವಿ ಫಿರಂಗಿಗಳ ದಂಡಿಗೆ ಸಾಧ್ಯವಾಗದುದನ್ನು ಸಾಧಿಸಿದ್ದು ಕಂದಕ, ಬೆಂಕಿ, ತಮಟೆ, ಹಗ್ಗ ಮತ್ತು ಸಾಕಾನೆ. ಕೊಲ್ಲಲು ಹೊರಟವನ ಸಾಮಗ್ರಿ ಬೇರೆ, ಜೀವಸಹಿತ ಹಿಡಿದು ಪಳಗಿಸಲು ಹೊರಟವನ ಸಾಮಗ್ರಿ ಬೇರೆ. ಹೈದರನ ದಂಡು ಹೊತ್ತು ತಂದದ್ದು ಮೊದಲನೆಯದನ್ನು.

ಆಮೇಲೆ ಕಾಕನಕೋಟೆಯಲ್ಲಿಯೂ ಶಾಪದ ಭಯ ಹಿಂಜರಿದು, ಹಿಂಡನ್ನು ಕಪಿಲೆಯ ಹೊಳೆಯೊಳಗಿಳಿಸಿ ಆಚೆ ದಡದ ದಿಮ್ಮಿಯ ಬೇಲಿಯೊಳಕ್ಕೆ ಅಟ್ಟುವ ಕ್ರಮ ಬೆಳೆದು, ವೈಸರಾಯರೂ ರಾಜಕುಮಾರರೂ ಬಂದು ನೋಡುವ ಮಹೋತ್ಸವವೇ ಆಯಿತು. ಮಂಟಪದಲ್ಲಿ ಕುಳಿತ ಅತಿಥಿಗಳ ವಿವರ ಪತ್ರಿಕೆಗಳಲ್ಲಿ ಬಂದಿತು. ಕಾಡಿನೊಳಗೆ ರಾತ್ರಿಯಿಡೀ ಪಂಜು ಹಿಡಿದು ಕಾವಲು ನಿಂತು ಸೋವಿದವರು ಈ ಸೀಮೆಯ ಹಳ್ಳಿಹಾಡಿಗಳ ಜನ. ಅವರಲ್ಲಿದ್ದುದು ಕಂಬಳಿ, ಮಚ್ಚು, ತಮಟೆ, ಬುತ್ತಿಯ ಗಂಟು. ಬೇಲಿಯೊಳಗೆ ಸಿಕ್ಕ ಕಾಡಾನೆಯ ಹಿಂಗಾಲಿಗೆ ಉರುಳು ಹಾಕಲು ಸಾಕಾನೆಗಳ ಮರೆಯಲ್ಲಿ ನೆಲಕ್ಕಿಳಿದವನ ಕೈಯಲ್ಲಿ ಇದ್ದುದಂತೂ ಹಗ್ಗವೊಂದೇ. ಅಲ್ಲಿ ಆಯುಧವನ್ನು ಹಿಡಿಯಲು ಅವನಿಗೆ ಕೈಯೇ ಬಿಡುವಿರಲಿಲ್ಲ. ಹಾಗೆ ಹಿಡಿದ ಆನೆಗಳಲ್ಲೊಂದು 1968ರಲ್ಲಿ ಇಲ್ಲಿ ಸೆರೆಸಿಕ್ಕ ಅರ್ಜುನ. ಮುಂದೆ ಬಳ್ಳೆಯ ಆನೆ ಶಿಬಿರದಲ್ಲಿ ಬಾಳಿ, 2012ರಿಂದ 2019ರವರೆಗೆ ದಸರೆಯ ಚಿನ್ನದ ಅಂಬಾರಿಯನ್ನು ಹೊತ್ತ ಅವನು 2023ರ ಡಿಸೆಂಬರಿನಲ್ಲಿ ಸಕಲೇಶಪುರ ಸೀಮೆಯಲ್ಲಿ ಕಾಡಾನೆಯನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ ಮಡಿದುದು ಓದುಗರ ನೆನಪಿನಲ್ಲಿದ್ದೇ ಇದೆ.

ಆನೆಯ ಕೆಲಸಕ್ಕೆ ಹೊಸದಾಗಿ ಸೇರಿದವನು ಮಾವುತನಾಗಿ ಸೇರುವುದಿಲ್ಲ, ಮಾವುತನ ಸಹಾಯಕನಾದ ಕಾವಾಡಿಯಾಗಿ ಸೇರುತ್ತಾನೆ. ಅಂಕುಶ ಅವನಿಗೆ ಬಹುಕಾಲದ ಮೇಲಿನ ಮಾತು. ಮೊದಲು ಸೊಪ್ಪು ಕಡಿಯುವ ಮಚ್ಚು, ಕಾಲಿನ ಸರಪಳಿ, ಹೊಳೆಯಲ್ಲಿ ಮೈ ಉಜ್ಜಲು ಒಂದು ಕಲ್ಲು ಅಥವಾ ನಾರು, ಹುಲ್ಲಿನಲ್ಲಿ ಭತ್ತವನ್ನೂ ಬೆಲ್ಲವನ್ನೂ ಸುತ್ತಿ ಕುಸುರೆ ಕಟ್ಟುವ ಕೈಚಳಕ. ಗಾದಿ ನಮ್ದಾಗಳನ್ನು ಆನೆಯ ಬೆನ್ನಿಗೆ ಹಾಕಿ ಬಿಗಿಯುವಾಗ ಹಗ್ಗವು ಎಲ್ಲಿ ಉಜ್ಜಿದರೆ ಹುಣ್ಣಾದೀತೆಂಬುದನ್ನು ಬೆರಳಿನಿಂದಲೇ ತಿಳಿಯುವವರೆಗೆ ಅವನು ಹೊಸಬನೇ.

ಇಂಥ ಕಂಬಳಿಗಳೂ ಚರ್ಮದ ಚೀಲಗಳೂ ಬರುತ್ತಿದ್ದುದೆಲ್ಲಿಂದ ಎಂದು ಕೇಳಿದರೆ ಹುಣಸೂರಿನ ಕಡೆಗೆ ತಿರುಗಬೇಕಾಗುತ್ತದೆ. ಲಕ್ಷ್ಮಣತೀರ್ಥದ ದಡದ ಆ ಊರು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಒಂದು ಇಡೀ ಸೈನ್ಯವನ್ನು ಸಜ್ಜುಗೊಳಿಸುವ ಕಮ್ಮಟವಾಗಿತ್ತೆಂಬುದು ಇಂದು ಅಲ್ಲಿನವರಲ್ಲಿಯೇ ಅನೇಕರಿಗೆ ತಿಳಿಯದು. ಮದರಾಸು ಸೈನ್ಯದ ಸರಬರಾಜು ಇಲಾಖೆಯವರು ಅಲ್ಲಿ ಚರ್ಮ ಹದಮಾಡುವ ದೊಡ್ಡ ಕಾರ್ಖಾನೆಯನ್ನೂ, ಕಂಬಳಿಯ ಕಾರ್ಖಾನೆಯನ್ನೂ, ಮರದ ಮಂಡಿಯನ್ನೂ ನಡೆಸುತ್ತಿದ್ದರು. ಹೊಸದಾಗಿ ಭರ್ತಿಯಾದ ಸಿಪಾಯಿಯ ಕಾಲಿನ ಜೋಡು, ಬೆನ್ನಿನ ಚೀಲ, ಹೊದೆಯುವ ಕಂಬಳಿ ಇಲ್ಲಿ ಸಿದ್ಧವಾಗುತ್ತಿದ್ದುವು. 1864ರಲ್ಲಿ ಆ ಕಾರ್ಖಾನೆಗಳು ಮುಚ್ಚಿದುವು; ಆದರೆ ಕಲಿತ ಕೈಗಳು ಊರಿನಲ್ಲಿಯೇ ಉಳಿದು, ಹುಣಸೂರಿನ ಜೋಡು, ಚೀಲ, ಕಂಬಳಿ, ಗಾಡಿಗಳು ಆ ಮೇಲೂ ಬಹುಕಾಲ ಹೆಸರುವಾಸಿಯಾಗಿದ್ದುವು.

ಹೊತ್ತು ಸಾಗಿಸುವ ಎತ್ತುಗಳ ನೆಲೆಯೂ ಹುಣಸೂರೇ. ಚಿಕ್ಕದೇವರಾಜ ಒಡೆಯರ ಕಾಲದ, ದನಗಳ ಸಾಕಣೆಯ ಇಲಾಖೆಯಾದ ಬೆಣ್ಣೆ ಚಾವಡಿಯು ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆದು, ಮುಂದೆ ಅದರ ಮುಖ್ಯ ಕಚೇರಿ ಈ ಊರಿನಲ್ಲಿ ನೆಲೆಗೊಂಡಿತು. ಇದೇ ತಳಿಯ ಎತ್ತುಗಳ ಬಲದಿಂದ ಹೈದರಾಲಿಯು ಚಿದಂಬರದ ರಕ್ಷಣೆಗಾಗಿ ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದನೆಂದು ಮೈಸೂರು ಗೆಜೆಟಿಯರ್ ಹೇಳುತ್ತದೆ. ಹೊರೆ ಹೆಚ್ಚಿದರೆ ನಡೆ ಕುಂದುವುದೆಂಬ ನಿಯಮವನ್ನು ಎತ್ತುಗಳ ಸಾಕಣೆಯಿಂದಲೇ ಮೀರಿದ ನಾಡು ಇದು. ಆನೆಯ ಕಾಡಿನಲ್ಲಿ ಸೋತವನು ಬಯಲಿನ ದಾರಿಯಲ್ಲಿ ಗೆದ್ದುದು ತಕ್ಕ ಸಾಮಗ್ರಿಯನ್ನು ತಕ್ಕೆಡೆಯಲ್ಲಿ ಬಳಸಿದುದರಿಂದ.

ಆಯುಧದ ಹಂಗೇ ಇಲ್ಲದೆ ದಾರಿ ಹಿಡಿದವರೂ ಈ ಸೀಮೆಯಲ್ಲಿದ್ದಾರೆ. ಹಿನ್ನೀರಿನ ದಡದ ಭೀಮನಕೊಲ್ಲಿ ಮಹದೇಶ್ವರನಿಗೆ ನಡೆದುಕೊಳ್ಳುವ ಒಕ್ಕಲುಗಳು ಸುತ್ತಲೂ ಉಂಟು. ಮಾದಪ್ಪನೆಂದು ಕರೆಯುವ ಆ ಮಹದೇಶ್ವರನ ಹೆಸರಿನಲ್ಲಿ ದೀಕ್ಷೆ ಪಡೆದ ದೇವರಗುಡ್ಡನಿಗೆ ರುದ್ರಾಕ್ಷಿ, ಜೋಳಿಗೆ, ಬೆತ್ತ, ಕಂಸಾಳೆಗಳನ್ನು ಗುರುವಿನ ಸಮ್ಮುಖದಲ್ಲಿ ಒಪ್ಪಿಸುತ್ತಾರೆ. ಆ ಕ್ಷಣದಿಂದ ಅವನು ಬೇರೊಬ್ಬ ಮನುಷ್ಯ. ಭಿಕ್ಷೆಯೆತ್ತಿ ದೇವರ ಕಥೆ ಹಾಡುವುದು ಅವನ ಜೀವನವ್ರತ. ಇಲ್ಲಿ ಆಯ್ಕೆಯ ಮಾತಿಲ್ಲ. ಕೊಟ್ಟುದನ್ನು ಕೊನೆಯವರೆಗೆ ಬಿಡದೆ ಹೊರುವುದೊಂದೇ ಅವನಿಗೆ ಉಳಿದಿರುವ ಸ್ವಾತಂತ್ರ್ಯ. ಮಹಾನವಮಿಯ ಆಯುಧಪೂಜೆಯ ದಿನ ಈ ಹಳ್ಳಿಗಳಲ್ಲಿ ದೇವರ ಮುಂದೆ ಇಡುವುದನ್ನು ನೋಡಿದರೂ ಇದೇ ಭಾವ ಕಾಣುತ್ತದೆ: ನೇಗಿಲು, ಕುಡುಗೋಲು, ಸೇರು, ತಕ್ಕಡಿ, ಅಂಕುಶ ಎಲ್ಲವೂ ಅರಿಸಿನಕುಂಕುಮ ಪಡೆಯುತ್ತವೆ, ಕತ್ತಿಯಿದ್ದ ಮನೆಯಲ್ಲಿ ಕತ್ತಿಯೂ ಅವುಗಳ ಸಾಲಿನಲ್ಲೊಂದು.

ಖೆಡ್ಡಾ 1971ಕ್ಕೆ ಕೊನೆಗೊಂಡಿತು. ಮರುವರ್ಷದ ವನ್ಯಜೀವಿ ಸಂರಕ್ಷಣಾ ಕಾಯಿದೆ, ಅನಂತರದ ಜಲಾಶಯ, ರಾಷ್ಟ್ರೀಯೋದ್ಯಾನ ಇವೆಲ್ಲವೂ ಸೇರಿ ಕಾಡಿಗೆ ಹೊರಡುವ ಆ ಹಳೆಯ ಬಾಳುವೆಯನ್ನೇ ನಿಲ್ಲಿಸಿದುವು. ಎಷ್ಟೋ ಹಾಡಿಗಳು ಅರಣ್ಯದಿಂದ ಹೊರಗೆ ಬಂದುವು. ಆನೆಗಳನ್ನು ಖೆಡ್ಡಾದಲ್ಲಿ ಹಿಡಿಯುವುದು ನಿಂತದ್ದು ಒಳ್ಳೆಯದೇ ಆಯಿತು. ಅದಕ್ಕಾಗಿ ಮರುಗುವ ಕಾರಣವಿಲ್ಲ. ಮರುಗಬೇಕಾದದ್ದು, ಹಿಡಿದವರ ಮತ್ತು ಹತ್ತಿದವರ ಕೈಗಳಲ್ಲಿದ್ದ ವಿದ್ಯೆಯು ಯಾವ ದಾಖಲೆಯೂ ಇಲ್ಲದೆ ಕರಗುತ್ತಿರುವುದಕ್ಕೆ. ಅರಮನೆಯ ಅಂಬಾರಿಯನ್ನು ನೋಡಲು ದೇಶದೇಶಗಳಿಂದ ಜನ ಬರುತ್ತಾರೆ. ಆ ಅಂಬಾರಿಯನ್ನು ಬೆನ್ನಿಗೆ ಬಿಗಿಯುವ ಹಗ್ಗವನ್ನು ಹೊಸೆಯುವ ಕ್ರಮವನ್ನು ಕೇಳುವವರು ವಿರಳ. ಮಾಸ್ತಿಯವರು ‘ಕಾಕನಕೋಟೆ’ ನಾಟಕದಲ್ಲಿ ಕಾಡಿನ ಜನರ ಘನತೆಯನ್ನು ರಂಗದ ಮೇಲೆ ತಂದಿಟ್ಟರು; ಆ ಜನರ ಬುಟ್ಟಿ ಬಳ್ಳಿಗಳ ಲೆಕ್ಕ ಬರೆಯುವ ಕೆಲಸ ನಮ್ಮ ಪಾಲಿಗೆ ಉಳಿದಿದೆ.

ಇಂದು ಬೆಂಗಳೂರು ಮೈಸೂರುಗಳ ತರುಣತರುಣಿಯರು ಆ ಅಮೆರಿಕದ ಆಟವನ್ನೂ ಅದರ ಸಂತಾನಗಳನ್ನೂ ಆಸಕ್ತಿಯಿಂದ ಆಡುತ್ತಿದ್ದಾರೆ. ಆಡಲಿ, ಕಲ್ಪನೆಗೆ ಅದು ಉತ್ತಮ ವ್ಯಾಯಾಮ. ಆದರೆ ಅವರಲ್ಲಿ ಯಾರಾದರೂ ಕನ್ನಡದಲ್ಲಿಯೇ ಅಂಥದೊಂದು ಆಟವನ್ನು ರಚಿಸಲು ಕುಳಿತರೆ, ತಮ್ಮ ವೀರನಿಗೆ ಯುರೋಪಿನ ಲೋಹಕವಚವನ್ನು ತೊಡಿಸುವ ಮೊದಲು ಒಮ್ಮೆ ಹೆಗ್ಗಡದೇವನಕೋಟೆಯ ಕಡೆಗೆ ಬರಬೇಕು. ಹಾಡಿಯ ಹಿರಿಯರನ್ನೂ ಬಳ್ಳೆಯ ಮಾವುತರನ್ನೂ ಹುಣಸೂರಿನ ಚರ್ಮದ ಕೆಲಸದವರನ್ನೂ ಕಂಡು, ಹೊಸಬನು ಹೊರಡುವಾಗ ಮೊದಲು ಏನನ್ನು ತೆಗೆದುಕೊಳ್ಳಬೇಕೆಂದು ವಿನಯದಿಂದ ಕೇಳಿ, ಅವರು ಹೇಳಿದ ಹೆಸರುಗಳಲ್ಲಿಯೇ ಬರೆದುಕೊಳ್ಳಬೇಕು. ಆ ಹಿರಿಯರಲ್ಲಿ ಅನೇಕರಿಗೆ ಈಗಾಗಲೇ ವಯಸ್ಸು ಮೀರಿದೆ. ಹೋಗುವವರು ಬೇಗನೆ ಹೋಗಬೇಕು.